ಪುಕ್ಕಟೆ ವಕೀಲರು ನಿಜವಾಗ್ಲೂ ಸಿಗ್ತಾರೆ, ಎಲ್ಲಿ ಹೋಗಿ ಹೇಗೆ ಕೇಳ್ಬೇಕು ಅಂತ ಹೇಳ್ತೀನಿ

ನಮ್ಮ ಚಿಕ್ಕಮ್ಮ ಬಾಡಿಗೆ ಮನೆ ಖಾಲಿ ಮಾಡಿ ಎಂಟು ತಿಂಗಳಾದ್ರೂ ಓನರ್ 60 ಸಾವಿರ ಅಡ್ವಾನ್ಸ್ ವಾಪಸ್ ಕೊಟ್ಟಿರ್ಲಿಲ್ಲ. ಪೇಂಟಿಂಗ್ ಅಂತೆ, ಟೈಲ್ಸ್ ಒಡೆದಿದೆ ಅಂತೆ, ಕೊನೆಗೆ ಬೋರ್ ಮೋಟರ್ ಕೆಟ್ಟಿದ್ದೂ ಇವರ ತಲೆಗೇ ಕಟ್ಟಿದ್ರು. ಗಾರ್ಮೆಂಟ್ಸಲ್ಲಿ ದುಡಿಯೋ ಹೆಂಗಸು ಪಾಪ, ಒಬ್ಬ ವಕೀಲರನ್ನ ಕೇಳಿದ್ರೆ ಮೊದಲು 15 ಸಾವಿರ ಇಡಿ ಆಮೇಲೆ ನೋಡೋಣ ಅಂದ್ರಂತೆ. ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮಜ್ಜ ಹೇಳ್ತಿದ್ದ ಮಾತೇ ಹೇಳ್ಕೊಂಡು ಚಿಕ್ಕಮ್ಮ ಕೈಚೆಲ್ಲಿ ಕೂತಿದ್ರು. ಆಮೇಲೆ ಯಾರೋ ಹೇಳಿದ್ಮೇಲೆ ನಾವು ಹೋಗಿದ್ದು ತಾಲೂಕು ಕಾನೂನು ಸೇವಾ ಸಮಿತಿಗೆ, ಅದು ಇರೋದು ಕೋರ್ಟ್ ಕಾಂಪೌಂಡ್ ಒಳಗೇ, ನಾವು ವರ್ಷಗಟ್ಟಲೆ ಅದರ ಮುಂದೇನೇ ಓಡಾಡಿದ್ದೀವಿ ಬೋರ್ಡ್ ಕಡೆ ಕಣ್ಣೆತ್ತಿ ನೋಡಿರ್ಲಿಲ್ಲ ಅಷ್ಟೆ.

ಇದು ಯಾರೋ ದಯೆ ತೋರಿಸಿ ಕೊಡೋದಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಅಂತ ಇದೆ, 1995ರ ನವೆಂಬರ್ 9ರಿಂದ ಜಾರಿಲಿದೆ. ಅದರ ಪ್ರಕಾರ ತಾಲೂಕಿಗೆ ಸಮಿತಿ, ಜಿಲ್ಲೆಗೆ ಪ್ರಾಧಿಕಾರ, ಬೆಂಗಳೂರಲ್ಲಿ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಪ್ರಾಧಿಕಾರ. ಇವನ್ನ ನಡೆಸೋರು ಜಡ್ಜ್‌ಗಳೇ.

ಯಾರಿಗೆ ಸಿಗುತ್ತೆ ಅನ್ನೋದ್ರಲ್ಲೇ ಜನಕ್ಕೆ ಜಾಸ್ತಿ ಗೊಂದಲ. ಹೆಂಗಸರಾದ್ರೆ ಆದಾಯ ಎಷ್ಟೇ ಇರ್ಲಿ ಸಿಗುತ್ತೆ, ಇದನ್ನ ಗಟ್ಟಿಯಾಗಿ ಹೇಳ್ತೀನಿ ಯಾಕಂದ್ರೆ ನಮ್ಮ ಚಿಕ್ಕಮ್ಮಂಗೂ ಕೋರ್ಟ್ ಹತ್ರ ಟೀ ಅಂಗಡಿಲಿ ಒಬ್ಬ ಮಹಾಶಯರು ಬಿಪಿಎಲ್ ಕಾರ್ಡ್ ಇಲ್ದಿದ್ರೆ ಆಗಲ್ಲಮ್ಮ ಅಂತ ಹೆದರಿಸಿದ್ರು. ಮಕ್ಕಳು, ಎಸ್‌ಸಿ ಎಸ್‌ಟಿಯವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಕಸ್ಟಡಿಲಿ ಅಥವಾ ಜೈಲಲ್ಲಿ ಇರೋರು, ನೆರೆ ಬರ ಭೂಕಂಪಕ್ಕೆ ಸಿಕ್ಕಿದವರು, ಮಾನವ ಕಳ್ಳಸಾಗಣೆಗೆ ಬಲಿಯಾದವರು, ಇವರಿಗೂ ಆದಾಯದ ಲೆಕ್ಕ ಇಲ್ಲ. ಇದ್ಯಾವುದರಲ್ಲೂ ಬರದ ಗಂಡಸರಾದ್ರೆ ಮಾತ್ರ ವರ್ಷದ ಆದಾಯ ನೋಡ್ತಾರೆ, ಕರ್ನಾಟಕದಲ್ಲಿ 3 ಲಕ್ಷದ ಒಳಗಿರ್ಬೇಕು, ಸುಪ್ರೀಂ ಕೋರ್ಟ್ ಕೇಸಿಗಾದ್ರೆ 5 ಲಕ್ಷ. ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಬೇಕಾದವರು ನಾಡಕಚೇರಿಲಿ ಮೊದಲೇ ಮಾಡಿಸಿಟ್ಕೊಳ್ಳಿ.

ಹೋಗುವಾಗ ಆಧಾರ್ ಜೆರಾಕ್ಸ್, ಕೇಸಿಗೆ ಸಂಬಂಧಪಟ್ಟ ಕಾಗದ ಎಲ್ಲಾ ಎರಡೆರಡು ಸೆಟ್ ತಗೊಂಡು ಹೋಗಿ. ನಾವು ಬಾಡಿಗೆ ಕರಾರು, ಅಡ್ವಾನ್ಸ್ ಕಳಿಸಿದ ಫೋನ್‌ಪೇ ಸ್ಕ್ರೀನ್‌ಶಾಟ್, ಓನರ್ ಜೊತೆ ಮಾಡಿದ ವಾಟ್ಸಾಪ್ ಚಾಟ್ ಪ್ರಿಂಟ್ ಹಾಕ್ಸಿ ಕೊಂಡೊಯ್ದಿದ್ವಿ. ಅರ್ಜಿನ ಬಿಳಿ ಹಾಳೆ ಮೇಲೆ ಕನ್ನಡದಲ್ಲೇ ಬರೀಬಹುದು, ಓದು ಬರಹ ಬರದಿದ್ರೆ ಬಾಯಲ್ಲಿ ಹೇಳಿದ್ರೂ ಅಲ್ಲಿರೋರು ಬರ್ಕೊಳ್ತಾರೆ. ಒಂದು ಮಾತು, ನಮ್ಮ ಜನ ಮದುವೆಯಿಂದ ಕಥೆ ಶುರು ಮಾಡ್ತಾರೆ, ಹಾಗೆ ಮಾಡ್ಬೇಡಿ. ಯಾವ ತಾರೀಖು ಏನಾಯ್ತು, ಎಷ್ಟು ದುಡ್ಡು, ಎದುರು ಪಾರ್ಟಿ ಹೆಸರು ವಿಳಾಸ, ನಿಮಗೀಗ ಏನು ಬೇಕು, ಇಷ್ಟು ಒಂದು ಪುಟದಲ್ಲಿ ಬರೆದ್ರೆ ಓದೋರಿಗೂ ಸುಲಭ. ಕೊಟ್ಟ ಅರ್ಜಿಗೆ ಸೀಲ್ ಹಾಕಿಸಿ ಒಂದು ಕಾಪಿ ಇಟ್ಕೊಳ್ಳೋದು ಮರೀಬೇಡಿ. ಅರ್ಜಿ ತಿರಸ್ಕಾರ ಆದ್ರೆ ಅದೇ ಪ್ರಾಧಿಕಾರದ ಅಧ್ಯಕ್ಷರಿಗೆ ಮೇಲ್ಮನವಿ ಹಾಕೋಕೂ ಅವಕಾಶ ಇದೆ.

ಅರ್ಜಿ ಒಪ್ಪಿದ್ರೆ ಪ್ಯಾನೆಲ್ ವಕೀಲರನ್ನ, ಅಂದ್ರೆ ಪ್ರಾಧಿಕಾರದ ಪಟ್ಟಿಲಿರೋ ವಕೀಲರಲ್ಲಿ ಒಬ್ಬರನ್ನ ನೇಮಿಸ್ತಾರೆ. ಅವರ ಫೀಸು, ಕೋರ್ಟ್ ಫೀ, ಕಾಗದಪತ್ರದ ನಕಲಿನ ಖರ್ಚು ಎಲ್ಲಾ ಪ್ರಾಧಿಕಾರದ್ದೇ, ನೀವು ಒಂದು ರೂಪಾಯಿನೂ ಕೊಡಂಗಿಲ್ಲ, ಅವರು ಕೇಳಂಗೂ ಇಲ್ಲ. ಪೆಟ್ರೋಲ್ ಖರ್ಚಿಗೆ ಅಂತ ಯಾರಾದ್ರೂ ಕೈ ಚಾಚಿದ್ರೆ ಸೀದಾ ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರೆದು ಕೊಡಿ, ಅವರೂ ಒಬ್ಬ ಜಡ್ಜೇ. ಪುಕ್ಕಟೆ ವಕೀಲರು ಅಂದ್ರೆ ಕಳಪೆ ಅನ್ನೋ ಮಾತು ಪೂರ್ತಿ ನಿಜ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಒಳ್ಳೆಯವರಿದ್ದಾರೆ, ಫೋನೇ ಎತ್ತದವರೂ ಇದ್ದಾರೆ. ಅದಕ್ಕೇ ಪ್ರತಿ ವಾಯಿದೆ ತಾರೀಖು ನೀವೇ ಡೈರಿಲಿ ಬರೆದಿಟ್ಕೊಳ್ಳಿ, ಇ-ಕೋರ್ಟ್ಸ್ ಆ್ಯಪಲ್ಲಿ ಕೇಸ್ ನಂಬರ್ ಹಾಕಿ ನೋಡ್ತಾ ಇರಿ, ಎರಡು ಮೂರು ಸಲ ಹಾಜರಾಗಿಲ್ಲ ಅಂತ ಗೊತ್ತಾದ್ರೆ ವಕೀಲರನ್ನ ಬದಲಾಯಿಸಿ ಕೊಡಿ ಅಂತ ಬರಹದಲ್ಲಿ ಕೇಳಿ. ಪುಕ್ಕಟೆ ಕೊಟ್ಟಿದ್ದಾರೆ ಅಂತ ಸಂಕೋಚ ಪಟ್ಕೊಂಡು ಕೂತ್ರೆ ಹಾಳಾಗೋದು ನಿಮ್ಮ ಕೇಸೇ.

ನಮ್ಮದು ಕೇಸ್ ಹಾಕೋ ತನಕ ಹೋಗ್ಲೇ ಇಲ್ಲ. ಕೋರ್ಟಿಗೆ ಹೋಗೋ ಮುಂಚೆನೇ ರಾಜಿ ಮಾಡಿಸೋ ದಾರಿ ಒಂದಿದೆ, ಸಮಿತಿಯೋರೇ ಓನರ್‌ಗೆ ನೋಟಿಸ್ ಕಳಿಸಿದ್ರು. ನಮ್ಮ ಫೋನಿಗೆ ಬಗ್ಗದ ಮನುಷ್ಯ ಕೋರ್ಟ್ ಸೀಲ್ ನೋಡಿ ಮೊದಲ ದಿನವೇ ಹಾಜರ್! ಲೋಕ್ ಅದಾಲತ್‌ನಲ್ಲಿ ಕೂರಿಸಿ ಮಾತಾಡಿಸಿದ್ರು, 52 ಸಾವಿರಕ್ಕೆ ಒಪ್ಪಂದ ಆಯ್ತು. ಪೇಂಟಿಂಗ್ ಅಂತ 8 ಸಾವಿರ ಬಿಟ್ಟಿದ್ದು ನನಗೆ ಈಗ್ಲೂ ಹೊಟ್ಟೆ ಉರಿ, ಆದ್ರೆ ಚಿಕ್ಕಮ್ಮ ಸಾಕು ಬಿಡೋ ಅಂದ್ರು. ಲೋಕ್ ಅದಾಲತ್ ಆದೇಶಕ್ಕೆ ಸಿವಿಲ್ ಕೋರ್ಟ್ ಡಿಕ್ರಿಯಷ್ಟೇ, ಅಂದ್ರೆ ಅಲ್ಲಿನ ತೀರ್ಪಿನಷ್ಟೇ ಬೆಲೆ, ಅದರ ಮೇಲೆ ಅಪೀಲ್ ಇಲ್ಲ, ಅಂದ್ರೆ ಎದುರಿನವರು ಆಮೇಲೆ ಉಲ್ಟಾ ಹೊಡೆಯೋಕಾಗಲ್ಲ, ಹಾಗೇ ನೀವೂ ಹೊಡೆಯೋಕಾಗಲ್ಲ. ಆದ್ದರಿಂದ ಸಹಿ ಹಾಕೋ ಮುಂಚೆ ಓದ್ಸಿಕೊಂಡು ಕೇಳಿ, ದುಡ್ಡು ಯಾವ ತಾರೀಖಿನೊಳಗೆ ಅಂತ ಬರೆದಿದೆಯಾ ನೋಡಿ. ರಾಜಿಗೆ ಬರಲೇಬೇಕು ಅಂತ ಯಾರನ್ನೂ ಬಲವಂತ ಮಾಡೋಕಾಗಲ್ಲ, ಎದುರಿನವರು ಬರದಿದ್ರೆ ಕೇಸೇ ಹಾಕ್ಬೇಕು, ದುಡ್ಡು ವಸೂಲಿ ಕೇಸಿಗೆ ಸಾಮಾನ್ಯವಾಗಿ 3 ವರ್ಷದ ಗಡುವು ಇರೋದ್ರಿಂದ ಇವತ್ತು ಕೊಡ್ತೀನಿ ನಾಳೆ ಕೊಡ್ತೀನಿ ಅನ್ನೋ ಮಾತು ನಂಬಿ ಕಾಲ ಕಳೀಬೇಡಿ.

ಎಲ್ಲದಕ್ಕೂ ವಕೀಲರೇ ಬೇಕು ಅಂತಿಲ್ಲ. ಕೊಂಡ ಫ್ರಿಜ್ ಕೆಟ್ಟು ಕಂಪನಿ ಕೈ ಎತ್ತಿದ್ರೆ ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ನೀವೇ ದೂರು ಕೊಟ್ಟು ನೀವೇ ವಾದ ಮಾಡ್ಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ರೆ ಶುಲ್ಕನೂ ಇಲ್ಲ. ವಯಸ್ಸಾದ ಅಪ್ಪ ಅಮ್ಮನ್ನ ಮಕ್ಕಳು ನೋಡಿಕೊಳ್ತಿಲ್ಲ ಅಂದ್ರೆ ಅಸಿಸ್ಟೆಂಟ್ ಕಮಿಷನರ್ ಆಫೀಸಲ್ಲಿ ಅರ್ಜಿ ಕೊಟ್ರೆ ಸಾಕು, ಅದಕ್ಕೆ 2007ರ ಕಾಯ್ದೆನೇ ಇದೆ. ಮನೇಲಿ ಹೊಡೆತ ಬಡಿತ ಇದ್ರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಯಾರನ್ನಾದ್ರೂ ಅರೆಸ್ಟ್ ಮಾಡಿದ್ರೆ 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು, ಆಗ ನನಗೆ ವಕೀಲರಿಲ್ಲ ಸ್ವಾಮಿ ಅಂತ ಬಾಯಿಬಿಟ್ಟು ಹೇಳಿದ್ರೆ ಸರ್ಕಾರದ ಖರ್ಚಲ್ಲೇ ಕೊಡ್ತಾರೆ.

ಬರೀ ಸಲಹೆ ಬೇಕು ಅನ್ನೋರು ಕೋರ್ಟ್ ತನಕ ಅಲೆಯೋದೂ ಬೇಡ. 15100 ಇಡೀ ದೇಶದ ಕಾನೂನು ನೆರವಿನ ನಂಬರ್, ರಾಜ್ಯ ಪ್ರಾಧಿಕಾರದ್ದು 1800 425 90900. ಹಳ್ಳಿಲಿರೋರು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ ಟೆಲಿ-ಲಾ ಅಂತ ಕೇಳಿದ್ರೆ ವಕೀಲರ ಜೊತೆ ಫೋನಲ್ಲೋ ವಿಡಿಯೋಲೋ ಮಾತಾಡಿಸ್ತಾರೆ, ಅದಕ್ಕೂ ದುಡ್ಡಿಲ್ಲ. ಹತ್ರ ಲಾ ಕಾಲೇಜಿದ್ರೆ ಅಲ್ಲಿ ಕಾನೂನು ನೆರವು ಕೇಂದ್ರ ಇದೆಯಾ ಕೇಳಿ, ಹುಡುಗರು ಪಾಪ ಹುರುಪಿಂದ ಕೂತು ಅರ್ಜಿ ಬರೆದು ಕೊಡ್ತಾರೆ, ಅರ್ಜಿ ಬರೆಯೋಕೇ ಐನೂರೋ ಸಾವಿರವೋ ಕಿತ್ತುಕೊಳ್ಳೋ ಬ್ರೋಕರ್‌ಗಳಿಗಿಂತ ಎಷ್ಟೋ ವಾಸಿ. ನಮ್ಮ ಚಿಕ್ಕಮ್ಮಂಗೆ ಒಟ್ಟು ಖರ್ಚಾಗಿದ್ದು ಜೆರಾಕ್ಸು, ಬಸ್ ಚಾರ್ಜು, ಆಮೇಲೆ ಮೂರು ದಿನದ ಸಂಬಳ.