ಕಿಡ್ನಿ ಕೊಟ್ಟವರಿಗೂ ಒಂದು ಫೈಲು ಬೇಕು: ಉಳಿದ ಮೂತ್ರಪಿಂಡವನ್ನು ಕಾಯ್ದುಕೊಳ್ಳುವ ಬಗೆ

ಕಿಡ್ನಿ ಕಸಿಯಾದ ಮನೆಯಲ್ಲಿ ಎರಡು ಫೈಲುಗಳಿರಬೇಕು. ಸಾಮಾನ್ಯವಾಗಿ ಇರುವುದು ಒಂದೇ. ಪಡೆದವರ ಫೈಲು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋದರೆ, ಕೊಟ್ಟವರ ಡಿಸ್ಚಾರ್ಜ್ ಕಾಗದ ಹೊಲಿಗೆ ಮಾಗುವಷ್ಟರಲ್ಲಿ ಬೀರುವಿನ ತಳ ಸೇರಿರುತ್ತದೆ. ಭಾರತದಲ್ಲಿ ಬದುಕಿರುವಾಗಲೇ ಮೂತ್ರಪಿಂಡ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಅಂದರೆ ತಾಯಂದಿರು ಮತ್ತು ಹೆಂಡಂದಿರು. ಮನೆಯಲ್ಲಿ ತಮ್ಮ ಆರೋಗ್ಯದ ಸರದಿಯನ್ನು ಕೊನೆಗೆ ಇಟ್ಟುಕೊಳ್ಳುವವರೂ ಅವರೇ ಆದ್ದರಿಂದ ಈ ಮರೆವು ಇನ್ನಷ್ಟು ಸಲೀಸಾಗಿ ನಡೆದುಹೋಗುತ್ತದೆ. ದಾನಿಯು ತನ್ನದೇ ಫೈಲನ್ನು ಹೇಗೆ ತೆರೆಯಬೇಕು, ಅದರಲ್ಲಿ ಏನನ್ನು ಬರೆದಿಡಬೇಕು, ಬರೆದದ್ದನ್ನು ಹೇಗೆ ಓದಬೇಕು ಎಂಬುದನ್ನು ಮುಂದೆ ವಿವರಿಸಿದೆ.

ಮೊದಲು ದೇಹದಲ್ಲಿ ಆಗುವುದನ್ನು ತಿಳಿಯೋಣ. ಒಂದು ಮೂತ್ರಪಿಂಡವನ್ನು ತೆಗೆದಾಗ ಸೋಸುವ ಸಾಮರ್ಥ್ಯ ಅರ್ಧಕ್ಕೆ ಇಳಿದು ಅಲ್ಲಿಯೇ ನಿಲ್ಲುವುದಿಲ್ಲ. ಉಳಿದ ಮೂತ್ರಪಿಂಡವು ಗಾತ್ರದಲ್ಲಿ ತುಸು ಹಿಗ್ಗಿ, ತನ್ನೊಳಗಿನ ಪ್ರತಿಯೊಂದು ಸೋಸುಗದಿಂದಲೂ ಹೆಚ್ಚು ಕೆಲಸ ತೆಗೆಯತೊಡಗುತ್ತದೆ; ಕೆಲವು ತಿಂಗಳಲ್ಲಿ ಒಟ್ಟು ಸಾಮರ್ಥ್ಯವು ಮೊದಲಿದ್ದುದರ ಸುಮಾರು 60ರಿಂದ 70 ಪ್ರತಿಶತಕ್ಕೆ ಬಂದು ನಿಲ್ಲುತ್ತದೆ. ಆದರೆ ಹೊಸ ಸೋಸುಗಗಳು ಹುಟ್ಟುವುದಿಲ್ಲ. ಹೆಚ್ಚುವರಿ ಕೆಲಸವನ್ನು ಇದ್ದವುಗಳೇ ಹೊತ್ತಿರುವುದರಿಂದ ಅವುಗಳ ಮೇಲೆ ರಕ್ತದೊತ್ತಡ, ಸಕ್ಕರೆ, ಬೊಜ್ಜು ಇವೂ ಹೇರಿಕೊಂಡಾಗ ತಡೆದುಕೊಳ್ಳುವ ಅವಕಾಶ ಕಡಿಮೆಯಾಗಿರುತ್ತದೆ.

ಅಪಾಯ ಎಷ್ಟು ಎಂಬ ಪ್ರಶ್ನೆಗೆ ಆಸ್ಪತ್ರೆಗಳಲ್ಲಿ ಬಹುಕಾಲ ಸಿಗುತ್ತಿದ್ದ ಉತ್ತರ, ‘ಸಾಮಾನ್ಯ ಜನರಿಗಿಂತ ಕಡಿಮೆ’ ಎಂದು. ಅದು ಸುಳ್ಳಲ್ಲ, ಆದರೆ ಹೋಲಿಕೆ ಸರಿಯಿಲ್ಲ. ಹತ್ತಾರು ಪರೀಕ್ಷೆಗಳಲ್ಲಿ ತೇರ್ಗಡೆಯಾದ ಆರೋಗ್ಯವಂತರನ್ನು ಮಾತ್ರ ದಾನಿಗಳಾಗಿ ಆರಿಸುವಾಗ ಅವರನ್ನು ಅಷ್ಟೇ ಆರೋಗ್ಯವಂತರ ಜೊತೆಗೆ ತೂಗಬೇಕು. ಅಮೆರಿಕದಲ್ಲಿ 1994ರಿಂದ 2011ರ ನಡುವೆ ಮೂತ್ರಪಿಂಡ ಕೊಟ್ಟ 96,217 ಜನರನ್ನು ಹೀಗೆ ತೂಗಿದ, 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 15 ವರ್ಷಗಳಲ್ಲಿ ಮೂತ್ರಪಿಂಡ ಪೂರ್ತಿ ಸೋತ ಹಂತ ತಲುಪಿದವರು ದಾನಿಗಳಲ್ಲಿ 10,000ಕ್ಕೆ ಸುಮಾರು 31, ಅಷ್ಟೇ ಆರೋಗ್ಯವಂತರಾದ ದಾನ ಮಾಡದವರಲ್ಲಿ ಸುಮಾರು 4. ಜೀವಮಾನದ ಅಂದಾಜು ಕ್ರಮವಾಗಿ 90 ಮತ್ತು 14. ಆರೋಗ್ಯ ನೋಡಿ ಆರಿಸದ ಸಾಮಾನ್ಯ ಜನರಲ್ಲಿ 326. ಆದ್ದರಿಂದ ಹೆದರುವ ಕಾರಣವಿಲ್ಲ, ಹಾಗೆಂದು ಮರೆಯುವ ಕಾರಣವೂ ಇಲ್ಲ. ಸಕ್ಕರೆ ಕಾಯಿಲೆ ಮತ್ತು ಬಿಪಿಯಿಂದಾಗುವ ಹಾನಿ ದಾನದ ಎಷ್ಟೋ ವರ್ಷಗಳ ನಂತರ ತಲೆದೋರುವಂಥದ್ದು. ಅಮೆರಿಕದ ನಿಯಮದಲ್ಲಿಯೂ ಆಸ್ಪತ್ರೆಗಳು ದಾನಿಯ ವರದಿ ಕೊಡಬೇಕಾದದ್ದು 6 ತಿಂಗಳು, 1 ವರ್ಷ ಮತ್ತು 2 ವರ್ಷಗಳಿಗೆ ಮಾತ್ರ. ಅಪಾಯ ಬೆಳೆಯುವ ಕಾಲಕ್ಕೆ ಲೆಕ್ಕ ಇಡುವವರು ಯಾರೂ ಇರುವುದಿಲ್ಲ. ಅದನ್ನು ದಾನಿಯೇ ಇಟ್ಟುಕೊಳ್ಳಬೇಕು.

ಫೈಲಿನ ಮೊದಲ ಪುಟಕ್ಕೆ ದಾನಕ್ಕೆ ಮುಂಚಿನ ಅಂಕಿಗಳು ಬೇಕು: ಆಗಿನ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ರಕ್ತದಲ್ಲಿನ ಕಸ; ಸೋಸುವಿಕೆ ಕುಗ್ಗಿದರೆ ಇದು ಏರುತ್ತದೆ), ಬಿಪಿ, ತೂಕ, ಮೂತ್ರದ ವರದಿ ಮತ್ತು ಪ್ರತಿ ಮೂತ್ರಪಿಂಡದ ಸೋಸುವ ಸಾಮರ್ಥ್ಯವನ್ನು ಅಳೆಯುವ ಡಿಟಿಪಿಎ ಸ್ಕ್ಯಾನ್ ಮಾಡಿಸಿದ್ದರೆ ಅದರ ಪ್ರತಿ. ಇವು ನಿಮ್ಮ ಬಳಿ ಇಲ್ಲವಾದರೆ ಕಸಿ ಮಾಡಿದ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಬೇಗನೆ ಕೇಳಿ ಪಡೆಯಿರಿ, ಏಕೆಂದರೆ ಹಳೆಯ ದಾಖಲೆಗಳನ್ನು ಯಾರೂ ಕೊನೆತನಕ ಇಟ್ಟುಕೊಳ್ಳುವುದಿಲ್ಲ. ಎರಡನೆಯ ಪುಟಕ್ಕೆ ಶಸ್ತ್ರಚಿಕಿತ್ಸೆಯಾದ ಆರು ತಿಂಗಳ ಸುಮಾರಿಗೆ ಮಾಡಿಸಿದ ಪರೀಕ್ಷೆಯ ಫಲಿತಾಂಶ ಬರಬೇಕು. ಇನ್ನು ಮುಂದೆ ನಿಮ್ಮ ಪಾಲಿನ ‘ನಾರ್ಮಲ್’ ಎಂದರೆ ಅದೇ; ಲ್ಯಾಬಿನ ಚೀಟಿಯಲ್ಲಿ ಅಚ್ಚಾಗಿರುವ ಮಿತಿಯಲ್ಲ.

ಆ ಮಿತಿಯನ್ನು ನಂಬಿ ಮೋಸಹೋಗುವವರು ಬಹಳ ಜನ, ಆದ್ದರಿಂದ ಒಂದು ಉದಾಹರಣೆ. 50 ವರ್ಷದ ಮಹಿಳೆಯ ಕ್ರಿಯಾಟಿನಿನ್ ದಾನಕ್ಕೆ ಮುಂಚೆ 0.7 ಇದ್ದು, ನಂತರ 1.1ಕ್ಕೆ ಬಂತು ಎಂದುಕೊಳ್ಳಿ. ಎಷ್ಟೋ ಲ್ಯಾಬುಗಳ ಚೀಟಿಯಲ್ಲಿ ಈ 1.1 ಮಿತಿಯೊಳಗೇ ಇರುತ್ತದೆ. ಆದರೆ ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಲೆಕ್ಕಹಾಕುವ ಇ-ಜಿಎಫ್ಆರ್ ಎಂಬ ಅಂದಾಜಿನಲ್ಲಿ, 2021ರ ಸೂತ್ರದ ಪ್ರಕಾರ, ಆಕೆಯ ಸೋಸುವ ಸಾಮರ್ಥ್ಯ ಸುಮಾರು 105ರಿಂದ ಸುಮಾರು 61ಕ್ಕೆ ಬಂದಿರುತ್ತದೆ. ಅದೇ 1.1 ಒಬ್ಬ 30 ವರ್ಷದ ಗಂಡಸಿನಲ್ಲಿ ಸುಮಾರು 92ಕ್ಕೆ ಸಮ. ಹೀಗಾಗಿ ಕ್ರಿಯಾಟಿನಿನ್ ಒಂದನ್ನೇ ನೋಡದೆ ಪ್ರತಿ ಸಲವೂ ಇ-ಜಿಎಫ್ಆರ್ ಬರೆಸಿಕೊಳ್ಳಿ. ಆ ಅಂಕಿ 60ಕ್ಕಿಂತ ಕೆಳಗಿಳಿದರೆ ಕಂಪ್ಯೂಟರು ತಾನಾಗಿಯೇ ‘ದೀರ್ಘಕಾಲೀನ ಮೂತ್ರಪಿಂಡ ರೋಗ, ಮೂರನೆಯ ಹಂತ’ ಎಂದು ಅಚ್ಚುಹಾಕಿ ಮನೆಮಂದಿಯ ನಿದ್ದೆ ಕೆಡಿಸುವುದುಂಟು. ದಾನಿಯಲ್ಲಿ ಸಾಮರ್ಥ್ಯ ಇಳಿದಿರುವುದು ಆರೋಗ್ಯವಾಗಿದ್ದ ಅಂಗವನ್ನು ತೆಗೆದುಕೊಟ್ಟ ಕಾರಣದಿಂದಲೇ ಹೊರತು ಕಾಯಿಲೆಯಿಂದಲ್ಲ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರದೆ, ಅಂಕಿ ವರ್ಷ ವರ್ಷವೂ ಒಂದೇ ಆಸುಪಾಸಿನಲ್ಲಿದ್ದರೆ ಅದನ್ನು ಬೆಳೆಯುತ್ತಿರುವ ರೋಗವೆಂದು ಓದಬೇಕಾಗಿಲ್ಲ. ಆದರೂ ಯಾವುದೇ ವೈದ್ಯರು ಔಷಧದ ಪ್ರಮಾಣವನ್ನು ನಿಗದಿ ಮಾಡುವಾಗ ಆ ಅಂಕಿಯನ್ನು ಅವರಿಗೆ ತಿಳಿಸಲೇಬೇಕು.

ಒಂದು ಸಲದ ಅಂಕಿಗಿಂತ ಅದು ಸಾಗುವ ದಿಕ್ಕು ಮುಖ್ಯ. 61, 60, 62 ಎಂದು ಸಾಗುವ ಸಾಲು ಒಳ್ಳೆಯದು. 61, 55, 48 ಎಂದು ಇಳಿಯುವ ಸಾಲನ್ನು ಕಂಡಾಗ ಮೂತ್ರಪಿಂಡ ತಜ್ಞರನ್ನು ಕಾಣಲೇಬೇಕು. ವರ್ಷಕ್ಕೆ 5ಕ್ಕಿಂತ ಹೆಚ್ಚು ಇಳಿಯುತ್ತ ಹೋದರೆ ಅದನ್ನು ವೇಗದ ಇಳಿತವೆಂದೇ ಪರಿಗಣಿಸುತ್ತಾರೆ. ಒಮ್ಮೆಲೇ ಕೆಟ್ಟ ಅಂಕಿ ಬಂದರೆ ಗಾಬರಿಯಾಗುವ ಮುನ್ನ, ಹಿಂದಿನ ದಿನ ಬಾಡೂಟವಾಗಿತ್ತೇ, ಭೇದಿಯಾಗಿ ನೀರಿನಂಶ ಕಡಿಮೆಯಾಗಿತ್ತೇ, ಲ್ಯಾಬು ಬದಲಾಯಿತೇ ಎಂದು ಯೋಚಿಸಿ, ಕೆಲವು ದಿನ ಬಿಟ್ಟು ಮತ್ತೊಮ್ಮೆ ಮಾಡಿಸಿ. ಆದಷ್ಟೂ ಒಂದೇ ಲ್ಯಾಬಿಗೆ ಹೋಗುವುದು ಲೇಸು.

ವರ್ಷಕ್ಕೊಮ್ಮೆಯ ತಪಾಸಣೆಯಲ್ಲಿ ಕ್ರಿಯಾಟಿನಿನ್ ಅಲ್ಲದೆ ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ, ಬಿಪಿ, ಸಕ್ಕರೆ ಮತ್ತು ತೂಕ ಇರಬೇಕು. ದಿನಾಂಕ ಮರೆಯದಿರಲು ಶಸ್ತ್ರಚಿಕಿತ್ಸೆಯಾದ ತಿಂಗಳನ್ನೇ ಗೊತ್ತುಮಾಡಿಕೊಳ್ಳಬಹುದು. ಅನುಪಾತ 30 ಮಿ.ಗ್ರಾಂ/ಗ್ರಾಂಗಿಂತ ಕಡಿಮೆ ಇರಬೇಕು. ಬೆಳಗಿನ ಮೊದಲ ಮೂತ್ರವನ್ನು ಕೊಡುವುದು ಉತ್ತಮ, ಜ್ವರವಿದ್ದಾಗ ಅಥವಾ ಮುಟ್ಟಿನ ದಿನಗಳಲ್ಲಿ ಕೊಡಬಾರದು. ಬಿಪಿಯನ್ನು ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ನೋಡಿಸಿ. 130/80ಕ್ಕಿಂತ ಮೇಲೆ ಮತ್ತೆ ಮತ್ತೆ ಬಂದರೆ ‘ವಯಸ್ಸಾಯಿತಲ್ಲ’ ಎಂದು ಬಿಡದೆ ವೈದ್ಯರಿಗೆ ತೋರಿಸಿ. ಬಿಪಿ ಮತ್ತು ಸಕ್ಕರೆಯನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ನೋಡಿಸಬಹುದು. ತಂದೆ ತಾಯಿಗೆ ಸಕ್ಕರೆ ಕಾಯಿಲೆ ಇರುವ ದಾನಿ ಈ ಪರೀಕ್ಷೆಯನ್ನು ಒಂದು ವರ್ಷವೂ ತಪ್ಪಿಸಬಾರದು.

ಇನ್ನು ನೋವಿನ ಮಾತ್ರೆಯ ವಿಷಯ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್, ನಿಮೆಸುಲೈಡ್ ಮುಂತಾದವು ಮೂತ್ರಪಿಂಡದೊಳಕ್ಕೆ ರಕ್ತ ತರುವ ಸಣ್ಣ ನಾಳಗಳನ್ನು ಹಿಗ್ಗಿಸಿಡುವ ರಾಸಾಯನಿಕವನ್ನೇ ತಡೆಯುತ್ತವೆ. ಒಂದು ಮಾತ್ರೆಯಿಂದ ಮೂತ್ರಪಿಂಡ ಕೆಟ್ಟುಹೋಗುತ್ತದೆ ಎಂದಲ್ಲ. ಮಂಡಿನೋವಿಗೆಂದು ತಿಂಗಳುಗಟ್ಟಲೆ ನುಂಗುವುದು, ಅಥವಾ ವಾಂತಿ ಭೇದಿಯಾಗಿ ದೇಹ ಒಣಗಿರುವಾಗ ನುಂಗುವುದು ಅಪಾಯಕಾರಿ. ಮೆಡಿಕಲ್ ಶಾಪಿನಲ್ಲಿ ‘ಮೈಕೈ ನೋವಿಗೆ ಏನಾದರೂ ಕೊಡಿ’ ಎಂದು ಕೇಳಿದಾಗ ಸಿಗುವ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಅಸಿಕ್ಲೋಫೆನಾಕ್ ಬೆರೆತಿರುತ್ತದೆ, ಆದ್ದರಿಂದ ಹಾಳೆಯ ಹಿಂಭಾಗದ ಸಣ್ಣ ಅಕ್ಷರಗಳನ್ನು ಮಕ್ಕಳಿಂದಲಾದರೂ ಓದಿಸಿ. ಬರಿಯ ಪ್ಯಾರಾಸಿಟಮಾಲನ್ನು ಹೇಳಿದ ಪ್ರಮಾಣ ಮೀರದೆ ತೆಗೆದುಕೊಳ್ಳಬಹುದು. ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲ ಜೆಂಟಮೈಸಿನ್, ಅಮಿಕಾಸಿನ್ ಎಂಬ ಆಂಟಿಬಯೋಟಿಕ್ ಚುಚ್ಚುಮದ್ದು ಬರೆಯುವ ಮುನ್ನ ಅಥವಾ ಸಿಟಿ ಸ್ಕ್ಯಾನಿಗೆ ಬಣ್ಣದ ದ್ರವ ಕೊಡುವ ಮುನ್ನ ‘ನನಗೆ ಒಂದೇ ಕಿಡ್ನಿ’ ಎಂಬ ಮಾತನ್ನು ನೀವೇ ಮೊದಲು ಹೇಳಬೇಕು. ಹೊಟ್ಟೆಯ ಗಾಯದ ಗುರುತನ್ನು ನೋಡಿ ಅವರೇ ಊಹಿಸಿಕೊಳ್ಳಲಿ ಎಂದು ಕಾಯಬಾರದು.

ನಾಟಿ ಔಷಧದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಈಶ್ವರಿ ಬಳ್ಳಿಯ ಜಾತಿಯ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡವನ್ನು ಕಾಯಂ ಆಗಿ ಹಾಳುಮಾಡಬಲ್ಲದು. ಕೊಲೆಸ್ಟ್ರಾಲ್ ಇಳಿಯುತ್ತದೆಂಬ ನಂಬಿಕೆಯಿಂದ ಬಿಂಬುಳಿಯ ಗಟ್ಟಿ ರಸವನ್ನು ಲೋಟಗಟ್ಟಲೆ ಕುಡಿದು, ಅದರ ಆಕ್ಸಲೇಟಿನಿಂದ ಎರಡು ಮೂತ್ರಪಿಂಡ ಇದ್ದವರೂ ಆಸ್ಪತ್ರೆ ಸೇರಿದ ಪ್ರಸಂಗಗಳು ಕೇರಳದಿಂದ ವರದಿಯಾಗಿವೆ. ಸಾರಿಗೆ ಹುಳಿಯಾಗಿ ಹಾಕುವ ನಾಲ್ಕು ಬಿಂಬುಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಊಟದಲ್ಲಿ ದಾನಿಗೆ ಪಥ್ಯವೇನೂ ಇಲ್ಲ. ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ, ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೇ ಇವರಿಗೂ ಸಾಕು. ಆದರೆ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಒಣಮೀನು ಇವೆಲ್ಲ ಆ ಚಮಚದ ಲೆಕ್ಕಕ್ಕೇ ಸೇರುತ್ತವೆ. ಬೇಳೆ, ಮೊಟ್ಟೆ, ಮೀನನ್ನು ಬಿಡಬೇಕಾಗಿಲ್ಲ. ಪ್ರೋಟೀನ್ ಪುಡಿಯ ಡಬ್ಬಿ ಬೇಕಾಗಿಲ್ಲ. ಬಾಯಾರಿಕೆಗೆ ತಕ್ಕಂತೆ ನೀರು ಕುಡಿದರೆ ಸಾಕು. ತಂಬಾಕನ್ನು ಬಿಡಲೇಬೇಕು.

ದಾನದ ನಂತರ ಗರ್ಭಿಣಿಯಾಗುವವರು ಮೊದಲ ಭೇಟಿಯಲ್ಲಿಯೇ ಹೆರಿಗೆ ವೈದ್ಯರಿಗೆ ವಿಷಯ ತಿಳಿಸಬೇಕು. ಕೆನಡಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗರ್ಭಾವಸ್ಥೆಯ ಬಿಪಿ ಅಥವಾ ಪ್ರೀಎಕ್ಲಾಂಪ್ಸಿಯಾ (ಬಿಪಿ ಏರಿ, ಸಾಮಾನ್ಯವಾಗಿ ಮೂತ್ರದಲ್ಲಿ ಪ್ರೋಟೀನ್ ಸೋರುವ ಗರ್ಭಿಣಿಯರ ತೊಂದರೆ) ದಾನಿಗಳ ಬಸಿರುಗಳಲ್ಲಿ 11 ಪ್ರತಿಶತ, ಉಳಿದವರಲ್ಲಿ 5 ಪ್ರತಿಶತ ಕಂಡುಬಂದಿತ್ತು. ಹೆಚ್ಚಿನ ದಾನಿಗಳಿಗೆ ಸುಸೂತ್ರವಾಗಿಯೇ ಹೆರಿಗೆಯಾಯಿತು, ಆದರೆ ಬಿಪಿ ಮತ್ತು ಮೂತ್ರದ ಪ್ರೋಟೀನನ್ನು ಇನ್ನಷ್ಟು ಹತ್ತಿರದಿಂದ ನೋಡಿಕೊಳ್ಳಲು ಈ ಅಂಕಿ ಸಾಕಷ್ಟು ಕಾರಣ.

ಪಡೆದವರನ್ನು ತಪಾಸಣೆಗೆ ಕರೆದೊಯ್ಯುವ ದಿನವೇ ಕೊಟ್ಟವರ ರಕ್ತವನ್ನೂ ಪರೀಕ್ಷೆಗೆ ಕೊಡಿಸುವುದು ಸುಲಭದ ದಾರಿ. ಆದರೆ ಆ ದಾರಿ ಎಲ್ಲರಿಗೂ ಕೊನೆತನಕ ಇರುವುದಿಲ್ಲ. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ನಡೆದ ಮೊದಲ ಯಶಸ್ವಿ ಕಸಿಯಲ್ಲಿ ಮೂತ್ರಪಿಂಡ ಪಡೆದ ರಿಚರ್ಡ್ ಹೆರಿಕ್ 1963ರಲ್ಲಿ ತೀರಿಕೊಂಡರು. ಕೊಟ್ಟ ಅವಳಿ ಸೋದರ ರೊನಾಲ್ಡ್ 2010ರವರೆಗೆ ಬದುಕಿದ್ದರು. ಕಸಿ ಸೋತ ಅಥವಾ ಪಡೆದವರೇ ಇಲ್ಲವಾದ ಮನೆಯಲ್ಲಿ ಕೊಟ್ಟವರಿಗೆ ಆ ಆಸ್ಪತ್ರೆಯ ಮೆಟ್ಟಿಲು ಮತ್ತೆ ಹತ್ತಲು ಮನಸ್ಸು ಬಾರದಿರುವುದು ಸಹಜ, ಮತ್ತು ಫೈಲು ನಿಂತುಹೋಗುವುದು ಹೆಚ್ಚಾಗಿ ಅಲ್ಲಿಯೇ. ಅಂಥವರು ಅದೇ ಆಸ್ಪತ್ರೆಗೆ ಹೋಗಬೇಕಾಗಿಲ್ಲ. ಹೇಳಿದ ಪರೀಕ್ಷೆಗಳನ್ನು ತಾಲ್ಲೂಕು ಊರಿನ ಯಾವುದೇ ಒಳ್ಳೆಯ ಲ್ಯಾಬಿನಲ್ಲಿ ಮಾಡಿಸಿ, ಹಳೆಯ ಫೈಲಿನ ಜೊತೆಗೆ ಹತ್ತಿರದ ಫಿಸಿಷಿಯನ್ ಒಬ್ಬರಿಗೆ ತೋರಿಸಬಹುದು. ಜೊತೆಗೆ ಹೋಗಲು ಮನೆಯವರು ಒಬ್ಬರು ಮುಂದೆ ಬಂದರೆ ಆಯಿತು.