ರೈಲಲ್ಲಿ ಎರಡು ರಾತ್ರಿ, 11 ಫೀಡ್: ಬಿಸಾಡೋ ಬಾಟ್ಲಿ ಬಗ್ಗೆ ನನ್ನ ಅನುಭವ

ಐದು ತಿಂಗಳ ಮಗು ಕರ್ಕೊಂಡು ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಂದ ದೆಹಲಿಗೆ ಹೋಗ್ತೀನಿ ಅಂದಾಗ ನಮ್ಮನೇಲಿ ಒಬ್ರೂ ಒಪ್ಲಿಲ್ಲ. ಯಜಮಾನ್ರಿಗೆ ಅಲ್ಲಿಗೆ ಟ್ರಾನ್ಸ್‌ಫರ್ ಆಗಿತ್ತು, ನಂಗೆ ಎದೆಹಾಲು ಸಾಕಾಗ್ತಿರ್ಲಿಲ್ಲ, ದಿನಕ್ಕೆ ಆರು ಸಲ ಫಾರ್ಮುಲಾ, ಅಂದ್ರೆ ಪುಡಿ ಹಾಲು ಕೊಡ್ಲೇಬೇಕಿತ್ತು. ಅತ್ತೆ ಅಂತೂ "ಒಳಲೆ ಇಟ್ಕೊಂಡು ಹೋಗು, ನಾನು ಮೂರು ಮಕ್ಳನ್ನ ಅದ್ರಲ್ಲೇ ಸಾಕಿದೀನಿ, ಈ ಬಿಸಾಡೋ ಬಾಟ್ಲಿ ನಂಬಬೇಡ" ಅಂತ ದಿನಾ ಹೇಳೋರು. ಅವರ ಮಾತು ಸುಳ್ಳಲ್ಲ. ಒಳಲೆ ಅಂದ್ರೆ ಹಾಲು ಕುಡಿಸೋ ಮೂತಿ ಇರೋ ಪುಟ್ಟ ಬಟ್ಟಲು, ಅದ್ರಲ್ಲಿ ಸಂದಿಗೊಂದಿ ಇಲ್ಲ, ತೊಳೆಯೋದು ಸುಲಭ, ಡಾಕ್ಟ್ರುಗಳೂ ಬಾಟ್ಲಿಗಿಂತ ಲೋಟ ಚಮಚ ವಾಸಿ ಅಂತಾರೆ. ಆದ್ರೆ ಓಲಾಡೋ ರೈಲಲ್ಲಿ ಒಳಲೆ ಹಿಡಿದು ನೋಡಿ, ಅರ್ಧ ಹಾಲು ಮಗು ಕತ್ತಿಗೆ, ಇನ್ನರ್ಧ ನನ್ನ ಸೀರೆಗೆ.

ಮಗುಗೆ ಮೂರು ತಿಂಗಳಿದ್ದಾಗ ರೈಲಲ್ಲಿ ಹುಬ್ಬಳ್ಳಿಗೆ ಹೋಗಿದ್ವಿ, ಬರೀ ಒಂದು ರಾತ್ರಿ. ಮಾಮೂಲಿ ಬಾಟ್ಲಿ ನಾಲ್ಕು ತಗೊಂಡಿದ್ದೆ, ಎರಡನ್ನ ರೈಲಿನ ವಾಷ್‌ಬೇಸಿನ್‌ನಲ್ಲಿ ತೊಳೆದು ಬಿಸಿನೀರು ಹಾಕಿ ಕುಲುಕಿ ಮತ್ತೆ ಬಳಸಿದೆ. ಮೂರನೇ ದಿನ ಭೇದಿ ಶುರು. ಡಾಕ್ಟ್ರು, ಔಷಧಿ, ಓಆರ್‌ಎಸ್ ಎಲ್ಲ ಸೇರಿ ಮೂರು ಸಾವಿರದ ಹತ್ರ ಹೋಯ್ತು, ದುಡ್ಡು ಹೋಗ್ಲಿ, ಆ ಕಂದ ಸೊರಗಿದ್ದು ನೋಡಿ ನಾನು ಎರಡು ದಿನ ಊಟ ಮಾಡ್ಲಿಲ್ಲ. ಇನ್ನು ರೈಲಲ್ಲಿ ಬಾಟ್ಲಿ ತೊಳೆದು ಬಳಸಲ್ಲ ಅಂತ ಅಲ್ಲಿಂದ ಹಠ ಹಿಡಿದೆ.

ಮೊದ್ಲು ತರಿಸಿದ್ದು ಪೂರ್ತಿ ಬಿಸಾಡೋ ಬಾಟ್ಲಿ, ಸ್ಟೆರೈಲ್ ಮಾಡಿ ಪ್ಯಾಕ್ ಮಾಡಿರ್ತಾರಲ್ಲ ಅದು, ಲಂಡನ್ನಲ್ಲಿರೋ ನಾದಿನಿ ಕೈಲಿ. ಕ್ಲೀನು, ಒಪ್ತೀನಿ, ಕವರ್ ಹರಿದು ಹಾಲು ತುಂಬಿ ಕೊಟ್ರೆ ಮುಗೀತು. ಆದ್ರೆ ಒಂದೊಂದಕ್ಕೆ ಹೆಚ್ಚುಕಮ್ಮಿ 180 ರೂಪಾಯಿ ಬಿತ್ತು, 11 ಫೀಡಿಗೆ ಎರಡು ಸಾವಿರ, ಅದೂ ಒಂದು ಕಡೆಗೆ. ಮೇಲಾಗಿ ನಮ್ಮ ಪುಟ್ಟಿ ಅದ್ರ ನಿಪ್ಪಲ್ ಬಾಯಿಗೇ ಹಾಕ್ಲಿಲ್ಲ, ಅದ್ರ ಆಕಾರವೇ ಬೇರೆ. ಆರು ಬಾಟ್ಲಿ ಮನೇಲಿ ಟ್ರಯಲ್ಲಲ್ಲೇ ಹಾಳಾಯ್ತು. ನಮ್ಮಲ್ಲಿ 1992ರ ಕಾನೂನು ಇರೋದ್ರಿಂದ ಫೀಡಿಂಗ್ ಬಾಟ್ಲಿಗೆ ಜಾಹೀರಾತು ಕೊಡೋ ಹಾಗಿಲ್ಲ, ಅದು ಒಳ್ಳೇದೇ, ಆದ್ರೆ ಯಾವ್ದು ಹೇಗೆ ಅಂತ ನಾವೇ ಕೈ ಸುಟ್ಕೊಂಡು ಕಲೀಬೇಕು.

ಆಮೇಲೆ ಸಿಕ್ಕಿದ್ದು ಲೈನರ್. ಗಟ್ಟಿ ಹೋಲ್ಡರ್ ಒಂದೇ, ಒಳಗೆ ತೆಳು ಚೀಲ ಹಾಕೋದು, ಕುಡಿದ ಮೇಲೆ ಚೀಲ ಮಾತ್ರ ಎಸೆಯೋದು. ಹೋಲ್ಡರ್ ಸುಮಾರು 1,200, ಲೈನರ್ ಒಂದಕ್ಕೆ 18-20 ರೂಪಾಯಿ. ಇಲ್ಲೂ ಮೊದಲ ವಾರ ಬರೀ ಸೋರಿಕೆ. ಚೀಲದ ಬಾಯಿನ ಹೋಲ್ಡರ್ ಅಂಚಿನ ಮೇಲೆ ಸುತ್ತಲೂ ಸಮನಾಗಿ ಮಡಚದೇ ಇದ್ರೆ ಹಾಲು ಜಾರಿ ಹೊರಗೆ ಬರುತ್ತೆ. ಅದಕ್ಕಿಂತ ದೊಡ್ಡ ತಪ್ಪು, ನಾನು ಹೋಲ್ಡರ್ ಮೇಲಿನ ಗೆರೆ ನೋಡಿ ನೀರು ಅಳೀತಿದ್ದೆ. ಚೀಲ ಹಿಗ್ಗುತ್ತೆ, ಕುಗ್ಗುತ್ತೆ, ಆ ಗೆರೆ ಅಂದಾಜಿಗೆ ಮಾತ್ರ. ನಾಲ್ಕು ದಿನ ಹಾಲು ತೆಳ್ಳಗೆ ಹೋಗಿದೆ ಅಂತ ಗೊತ್ತಾದಾಗ ತುಂಬಾ ಸಂಕಟ ಆಯ್ತು. ಒಂದು ಲಾಭ ಮಾತ್ರ ಚೆನ್ನಾಗಿದೆ, ಕೆಳಗಿಂದ ಚೀಲ ಒತ್ತಿ ಗಾಳಿ ತೆಗೆದು ಕೊಟ್ರೆ ಮಗು ಗಾಳಿ ನುಂಗೋದು ಕಮ್ಮಿ, ತೇಗಿಸೋಕೆ ಅರ್ಧ ಗಂಟೆ ಒದ್ದಾಡಬೇಕಿಲ್ಲ.

ಕೊನೆಗೆ ಕೈ ಹಿಡಿದಿದ್ದು ನಮ್ಮನೆ ಸ್ಟೀಲ್ ಡಬ್ಬಿಗಳು. ಮದುವೆ, ಗೃಹಪ್ರವೇಶದಲ್ಲಿ ಹೆಸರು ಕೆತ್ತಿಸಿ ಕೊಡ್ತಾರಲ್ಲ, ಅಟ್ಟದ ಮೇಲೆ ಒಂದು ಡಜನ್ ಬಿದ್ದಿತ್ತು. 12 ಡಬ್ಬಿ, 12 ನಿಪ್ಪಲ್ ಮನೇಲೇ ಕುದಿಸಿ ಪೂರ್ತಿ ಒಣಗಿಸಿದೆ, ಹನಿ ತೇವ ಇದ್ರೂ ಪುಡಿ ಗಂಟಾಗುತ್ತೆ, ಅದೂ ಅನುಭವಿಸಿದೀನಿ. ಪ್ರತಿ ಡಬ್ಬಿಗೆ ಒಂದು ಫೀಡಿನ ಪುಡಿ, ಪುಡಿ ಜೊತೆ ಬರೋ ಅಳತೆ ಚಮಚದಲ್ಲಿ ಐದು. ಅಂಚಿನ ತನಕ ತುಂಬಿದ್ರೆ ಸರಿಯಾಗಿ 150 ಎಂಎಲ್ ಹಿಡಿಯೋ ಸ್ಟೀಲ್ ಲೋಟ ಒಂದನ್ನ ಹುಡುಕಿ ಇಟ್ಕೊಂಡೆ. ರೈಲಲ್ಲಿ ಆ ಲೋಟದಲ್ಲಿ ಫ್ಲಾಸ್ಕಿನ ನೀರು ಅಳೆದು ಡಬ್ಬಿಗೆ ಹಾಕಿ ಮುಚ್ಚಿ ಕುಲುಕೋದು, ತಣ್ಣೀರಿನ ಬೋಗುಣೀಲಿ ಇಟ್ಟು ಆರಿಸೋದು, ಆಮೇಲೆ ಲೈನರಿಗೆ. ಕುಲುಕುವಾಗ ಆ ಮುಚ್ಚಳ ಲೀಕ್ ಆಗದ ಹಾಗೆ ಏನು ಮಾಡಿದೆ ಅನ್ನೋದು ನನ್ನ ಹತ್ರಾನೇ ಇರ್ಲಿ, ಒಂದು ವಾರ ಕೂತು ಕಂಡ್ಕೊಂಡಿದ್ದು.

ಸ್ಟೀಲ್ ಯಾಕೆ ಅಂದ್ರೆ, ಪುಡಿಯಲ್ಲಿರಬಹುದಾದ ಕ್ರಿಮಿ ಸಾಯೋಕೆ ನೀರು 70 ಡಿಗ್ರಿಗಿಂತ ಕಮ್ಮಿ ಇರಬಾರ್ದು, ಅಷ್ಟು ಬಿಸೀನ ತೆಳು ಪ್ಲಾಸ್ಟಿಕ್ಕಿಗೆ ಸುರಿಯೋಕೆ ನಂಗೆ ಮನಸ್ಸಿಲ್ಲ. 2020ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕಿನ ಫೀಡಿಂಗ್ ಬಾಟ್ಲಿಗಳನ್ನ ಪರೀಕ್ಷೆ ಮಾಡಿ, ನೀರು ಬಿಸಿ ಆದಷ್ಟೂ ಮೈಕ್ರೋಪ್ಲಾಸ್ಟಿಕ್ (ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಚೂರು) ಜಾಸ್ತಿ ಬಿಡುತ್ತೆ ಅಂತ ತೋರಿಸಿದ್ರು. ಇದು ಅದೇ ಪ್ಲಾಸ್ಟಿಕ್ಕಿನ ಮನೇಲಿರೋ ಮಾಮೂಲಿ ಬಾಟ್ಲಿಗೂ ಅನ್ವಯ, ಬಿಪಿಎ (ಕೆಲವು ಪ್ಲಾಸ್ಟಿಕ್ಕಲ್ಲಿರೋ ಒಂದು ರಾಸಾಯನಿಕ) ಫ್ರೀ ಅಂತ ಬರೆದಿದ್ರೂ ಅಷ್ಟೇ.

ಫ್ಲಾಸ್ಕನ್ನೂ ಥರ್ಮಾಮೀಟರ್ ಹಾಕಿ ನೋಡಿದ್ದೆ, ಆರು ಗಂಟೆ ಆದ್ಮೇಲೆ 80ರ ಆಸುಪಾಸು, ರಾತ್ರಿ ಪೂರ್ತಿ ಬಿಟ್ರೆ 70ರ ಕೆಳಗೆ. ರೈಲಲ್ಲಿ ಕೆಟಲ್ ಹಾಕೋ ಹಾಗಿಲ್ಲ, ಅದಕ್ಕೆ ಎರಡು ಫ್ಲಾಸ್ಕ್ ಇಟ್ಕೊಂಡು ಬೆಳಿಗ್ಗೆ ಪ್ಯಾಂಟ್ರೀಲಿ ಕಣ್ಣೆದುರೇ ಕುದಿಸಿ ತುಂಬಿಸ್ಕೊಂಡೆ, ರಾತ್ರಿ ಮತ್ತೊಂದ್ಸಲ.

ಮಧ್ಯದಲ್ಲಿ ದುಡ್ಡು ಉಳಿಸೋಣ ಅಂತ ಲೈನರ್ ತೊಳೆದು ಎರಡನೇ ಸಲ ಬಳಸೋಕೂ ನೋಡಿದೆ. ಮಗುವಿಗೆ ಕೊಡ್ಲಿಲ್ಲ, ಸುಮ್ನೆ ತೊಳೆದು ಒಣಗಿಸಿ ಮಾರನೇ ದಿನ ಮೂಸಿ ನೋಡಿದ್ರೆ ಮೂಲೇಲಿ ಹುಳಿ ವಾಸನೆ. ದಯವಿಟ್ಟು ಯಾರೂ ಮಾಡಬೇಡಿ.

11 ಫೀಡೂ ಕೊಟ್ಟೆ, ಎರಡು ಲೈನರ್ ಮಾತ್ರ ಸೋರಿದ್ವು. ದೆಹಲೀಲಿ ಇಳಿದ ಮೇಲೆ ಒಂದು ವಾರ ಕಾದು ನೋಡಿದೆ, ಭೇದಿ ಇಲ್ಲ, ಜ್ವರ ಇಲ್ಲ. ಅತ್ತೆಗೆ ಫೋನ್ ಮಾಡಿದ್ರೆ "ಹೋಗ್ಲಿ ಬಿಡಮ್ಮ, ಗೆದ್ದೆ" ಅಂದ್ರು. ಕಸ ಅಂತ ಆಗಿದ್ದು ಒಂದು ಮುಷ್ಟಿ ಚೀಲ, ಪೂರ್ತಿ ಬಾಟ್ಲಿ ಆಗಿದ್ರೆ ದೊಡ್ಡ ಕ್ಯಾರಿಬ್ಯಾಗ್ ತುಂಬೋದು.

ಆದ್ರೂ ಮನೇಲಿ ನಾನು ಲೈನರ್ ಮುಟ್ಟಲ್ಲ. ದಿನಕ್ಕೆ ಆರು ಅಂದ್ರೆ 120 ರೂಪಾಯಿ, ತಿಂಗಳಿಗೆ 3,600, ವರ್ಷಕ್ಕೆ ಎರಡು ಸಾವಿರ ಚೀಲ ಕಸಕ್ಕೆ. ಗ್ಯಾಸ್ ಒಲೆ, ಪಾತ್ರೆ ಇರೋ ಕಡೆ ಅದ್ಯಾಕೆ? ಸ್ಟೀಲ್ ಬಾಟ್ಲಿ ಎರಡು, ಒಳಲೆ ಒಂದು, ಅಷ್ಟರಲ್ಲೇ ನಡೀತಿದೆ. ಹೋಲ್ಡರನ್ನ, ಆ ಸ್ಟೀಲ್ ಡಬ್ಬಿಗಳನ್ನ ಹೋದ ತಿಂಗಳು ಓರಗಿತ್ತಿ ತಗೊಂಡು ಹೋದ್ಲು, ಉಳಿದ ಲೈನರ್ ಪ್ಯಾಕೆಟ್ಟೂ ಕೊಟ್ಟೆ. ನಿಪ್ಪಲ್ ಮಾತ್ರ ಹೊಸದು ತಗೋ ಅಂದಿದೀನಿ, ಡಬ್ಬಿ ವಾಪಸ್ ಬೇಕು ಅಂತಾನೂ ಹೇಳಿದೀನಿ.