ದೋಸೆ ಹಿಟ್ಟು ಎಡಕ್ಕೆ ಹರಿದಾಗ

ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ದಕ್ಷಿಣ ಅಂಚಿನ ಮೇದರ್ ಕ್ಯಾಂಪ್‌ಗ್ರೌಂಡಿಗೆ ಬಾಡಿಗೆ ಮೋಟರ್‌ಹೋಮ್‌ನಲ್ಲಿ (ಒಳಗೇ ಅಡುಗೆ, ಮಲಗುವ ವ್ಯವಸ್ಥೆ ಇರುವ ಗಾಡಿ) ತಲುಪಿದಾಗ ಕತ್ತಲಾಗಿತ್ತು. ಗಾಡಿ ನಿಲ್ಲಿಸಿದ್ದೇ ಮಲಗಿಬಿಟ್ಟೆವು. ಬೆಳಿಗ್ಗೆ ಕಾವಲಿಗೆ ಹುಯ್ದ ದೋಸೆ ಹಿಟ್ಟೆಲ್ಲ ಎಡಕ್ಕೇ ಹರಿಯಿತು. ಫ್ರಿಜ್ಜಿನಲ್ಲಿದ್ದ ಹಾಲೂ ಬೆಚ್ಚಗೆ!

ಹಾಲಿನ ವಿಷಯವೇ ಗಂಭೀರ. ಅಲ್ಲಿ ಕರೆಂಟ್ ಸಂಪರ್ಕವಿಲ್ಲ, ಫ್ರಿಜ್ ಗ್ಯಾಸಿನಲ್ಲಿ ಓಡುತ್ತಿತ್ತು. ಅದಕ್ಕೆ ಕಂಪ್ರೆಸರ್ ಇಲ್ಲ. ಒಳಗಿನ ಅಮೋನಿಯಾ ದ್ರವ ತನ್ನ ಭಾರದಿಂದಲೇ ಕೊಳವೆಯಲ್ಲಿ ಇಳಿದು ಬರಬೇಕು. ಗಾಡಿ ವಾಲಿದರೆ ಅದು ಅಲ್ಲಲ್ಲೇ ನಿಲ್ಲುತ್ತದೆ. ಹಾಗೇ ಓಡಿಸುತ್ತಿದ್ದರೆ ಫ್ರಿಜ್ಜೇ ಹಾಳು.

ಮೊದಲು ಪೆದ್ದುತನ ಮಾಡಿದೆ: ಹಿಂಬದಿಯ ಸ್ಟೆಬಿಲೈಸರ್ ಜ್ಯಾಕ್ ತಿರುಗಿಸಿ ಗಾಡಿ ಎತ್ತಲು ಹೋದೆ. ಅದಿರುವುದು ಅಲುಗಾಟ ತಡೆಯಲು, ಭಾರ ಎತ್ತಲು ಅಲ್ಲ. ಕಿರುಗುಟ್ಟಿತು, ಬಿಟ್ಟೆ.

ರಸಮಟ್ಟ ಇಟ್ಟು ನೋಡಿದರೆ ಉದ್ದಕ್ಕೆ ಸರಿಯಿದೆ, ಅಡ್ಡಕ್ಕೆ ಸುಮಾರು 2 ಡಿಗ್ರಿ ವಾಲಿದೆ. ಎಡ ಬಲ ಚಕ್ರಗಳ ನಡುವೆ 6 ಅಡಿ ಎಂದಿಟ್ಟುಕೊಂಡರೆ ಎರಡೂವರೆ ಇಂಚು ಎತ್ತಬೇಕು. ಎಡಬದಿಯ ಎರಡೂ ಚಕ್ರಗಳ ಮುಂದೆ ಪ್ಲಾಸ್ಟಿಕ್ ಬ್ಲಾಕುಗಳನ್ನು ಮೆಟ್ಟಿಲಿನಂತೆ ಜೋಡಿಸಿದೆ. ಹಿಂದೆ ಜೋಡಿ ಟೈರು. ಎರಡರ ಅಡಿಗೂ ಬ್ಲಾಕ್ ಬೇಕು, ಇಲ್ಲವಾದರೆ ಭಾರವೆಲ್ಲ ಒಂದರ ಮೇಲೇ. ಹೆಂಡತಿ ಹೊರಗೆ ನಿಂತು "ಸಾಕು, ಸಾಕು ರೀ!" ಎನ್ನುವವರೆಗೆ ನಿಧಾನ ಹತ್ತಿಸಿ, ಬ್ರೇಕ್ ಹಾಕಿ, ಚಕ್ರಗಳ ಹಿಂದೆ ಮುಂದೆ ಮರದ ತುಂಡು ಒತ್ತಿಟ್ಟೆ. ಜ್ಯಾಕ್ ಇಳಿಸಿದ್ದು ಆಮೇಲೆ. ಅದರ ಕೆಳಗೆ ಹಲಗೆ ಕೊಟ್ಟು, ತಾಗಿದ ಮೇಲೆ ಅರ್ಧ ಸುತ್ತು ಬಿಗಿ, ಅಷ್ಟೇ.

ಫ್ರಿಜ್ ತಣ್ಣಗಾಗಲು ಸಂಜೆಯಾಯಿತು. ಹಾಲು ಚೆಲ್ಲಿದ್ದಾಯ್ತು. ಮರುದಿನದ ದೋಸೆ ಮಾತ್ರ ಗುಂಡಗೆ.